ಕಾನೂನು ತರಗತಿಗೆ ಹೆಂಗಸರು ಬರುತ್ತಾರೆ, ಬಾಯಿ ಬಿಡುವುದಿಲ್ಲ. ನಿಮ್ಮ ಅನುಭವ ಹೇಳಿ

ಕೇಳಿದವರು, ಕೊಡಗಿನ ಸಿದ್ದಾಪುರದಿಂದ:

ನಾನು ಇಲ್ಲೊಂದು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೇನೆ. ಸಂಘದಲ್ಲಿ ಅರ್ಧಕ್ಕಿಂತ ಜಾಸ್ತಿ ಮುಸ್ಲಿಂ ಹೆಂಗಸರು, ಉಳಿದವರು ತೋಟದ ಲೈನ್ ಮನೆಯವರು, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ ಇರುವವರು. ಹೋದ ತಿಂಗಳು ವಕೀಲರೊಬ್ಬರನ್ನು ಕರೆಸಿ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಕಾರ್ಯಕ್ರಮ ಮಾಡಿದೆವು. ಅವರು ಎರಡು ಗಂಟೆ ಮಾತಾಡಿದರು. ಒಬ್ಬರೂ ಏನೂ ಕೇಳಲಿಲ್ಲ. ಎಲ್ಲ ಮುಗಿದು ಚಾಪೆ ಮಡಚುವಾಗ ಒಬ್ಬಾಕೆ ಹತ್ತಿರ ಬಂದು, "ಫೋನಲ್ಲಿ ತಲಾಖ್ ಹೇಳಿದ್ರೆ ನಾನೀಗ ಅವರ ಹೆಂಡತಿ ಹೌದಾ ಅಲ್ವಾ?" ಅಂತ ಮೆಲ್ಲಗೆ ಕೇಳಿದಳು. ವಕೀಲರು ಅಷ್ಟೊತ್ತಿಗೆ ಹೊರಟು ಹೋಗಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಇನ್ನೊಮ್ಮೆ ಮಾಡಬೇಕು ಅಂತಿದ್ದೇವೆ. ಹೇಗೆ ಮಾಡಿದರೆ ಇವರಿಗೆ ಉಪಯೋಗ ಆಗುತ್ತದೆ? ಮಾಡಿ ನೋಡಿದವರು ಹೇಳಿ.

ವಿರಾಜಪೇಟೆಯಿಂದ:

ಮೊದಲು ಆ ಹುಡುಗಿಗೆ ಇವತ್ತೇ ಹೇಳಿ ತಂಗಿ, ಆಕೆ ಈಗಲೂ ಅವನ ಹೆಂಡತಿಯೇ. ಒಂದೇ ಉಸಿರಿಗೆ ಮೂರು ಸಲ ಹೇಳುವ ತಲಾಖ್ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಹೇಳಿತು. 2019ರಲ್ಲಿ ಕಾನೂನೇ ಬಂತು. ಬಾಯಲ್ಲಿ ಹೇಳಲಿ, ಬರೆದು ಕೊಡಲಿ, ವಾಟ್ಸಾಪ್‌ನಲ್ಲಿ ಕಳಿಸಲಿ, ಅದಕ್ಕೆ ಬೆಲೆ ಇಲ್ಲ. ಹೇಳಿದವನಿಗೆ 3 ವರ್ಷದವರೆಗೆ ಜೈಲು ಆಗಬಹುದು. ಫೋನಿಗೆ ಮೆಸೇಜ್ ಏನಾದರೂ ಬಂದಿದ್ದರೆ ಅಳಿಸಬೇಡ ಅನ್ನಿ. ತುಂಬಾ ಜನ ಸಿಟ್ಟಲ್ಲಿ ಅಳಿಸಿಬಿಡುತ್ತಾರೆ.

ನಾನು ಟೀಚರ್ ಆಗಿದ್ದೆ. ನಿವೃತ್ತಿ ಆದ ಮೇಲೆ ಅರೆಕಾನೂನು ಸ್ವಯಂಸೇವಕಿ ಆಗಿ, ಅಂದರೆ ಜನರಿಗೆ ಕಾನೂನು ನೆರವಿನ ದಾರಿ ತೋರಿಸುವವಳಾಗಿ, ಊರೂರು ತಿರುಗಿದ್ದೇನೆ. ಶುರುವಿನಲ್ಲಿ ನಾನೂ ನಿಮ್ಮ ವಕೀಲರ ಹಾಗೇ ಮಾಡುತ್ತಿದ್ದೆ. ಯಾವ ಕಾಯ್ದೆ, ಯಾವ ಸೆಕ್ಷನ್ ಅಂತ ಬೋರ್ಡಿನ ಮೇಲೆ ಬರೆಯುವುದು. ಹೆಂಗಸರು ತಲೆ ಆಡಿಸುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು. ಒಂದು ಸಲ ಸುಮ್ನೆ ಕೇಳಿದೆ, "ನಿಮ್ಮ ನಿಕಾಹ್ ಕಾಗದ ಯಾರ ಹತ್ತಿರ ಇದೆ?" ಅಷ್ಟೇ. ಅಲ್ಲಿಂದ ಒಂದು ಗಂಟೆ ಅವರೇ ಮಾತಾಡಿದರು. ಗಂಡನ ಅಣ್ಣನ ಹತ್ತಿರ ಇದೆ ಅಂತ ಒಬ್ಬಳು, ಜಮಾಅತ್ (ಮಸೀದಿ ಸಮಿತಿ) ಆಫೀಸಿನ ಪುಸ್ತಕದಲ್ಲಿ ಇರಬೇಕು ಅಂತ ಇನ್ನೊಬ್ಬಳು, ನೋಡಿಯೇ ಇಲ್ಲ ಅಂತ ಬಹಳ ಜನ.

ಅದಕ್ಕೇ ಹೇಳುವುದು, ಕಾನೂನಿನಿಂದ ಶುರು ಮಾಡಬೇಡಿ, ಅವರ ಕಾಗದದಿಂದ ಶುರು ಮಾಡಿ. ನಿಕಾಹ್ ಕಾಗದ ಇದ್ದವರು ತರಲಿ. ಇಲ್ಲದವರು ಜಮಾಅತ್‌ನಲ್ಲಿ ನಕಲು ಕೇಳಿ ತರಲಿ. ಇದನ್ನು ಜಗಳ ಇಲ್ಲದ ಕಾಲದಲ್ಲೇ ಕೇಳಬೇಕು. ಜಗಳ ಆದ ಮೇಲೆ ಆ ಪುಸ್ತಕ ಸುಲಭಕ್ಕೆ ತೆರೆಯುವುದಿಲ್ಲ. ಎಲ್ಲರೂ ತಂದ ಮೇಲೆ ಒಟ್ಟಿಗೆ ಕೂತು ಓದಿ. ಮಹರ್, ಅಂದರೆ ನಿಕಾಹ್‌ಗೆ ಗಂಡ ಹೆಂಡತಿಗೆ ಕೊಡಬೇಕಾದ್ದು, ಎಷ್ಟು ಅಂತ ಬರೆದಿದೆ, ಕೊಟ್ಟಾಗಿದೆಯೋ ಬಾಕಿಯೋ, ಸಾಕ್ಷಿ ಯಾರು. ನಮ್ಮ ಕಡೆ ಮಲಯಾಳ ಮಾತಾಡುವವರಲ್ಲಿ ಮಹರ್ ಅಂದರೆ ಸಾಮಾನ್ಯವಾಗಿ ಚಿನ್ನ, ನಿಕಾಹ್ ದಿನವೇ ಕೊಡುತ್ತಾರೆ. ಆಮೇಲೆ ಅದು ಗಲ್ಫ್ ವೀಸಾಕ್ಕೋ ಅಂಗಡಿ ಬಾಡಿಗೆಗೋ ಹೋಗಿರುತ್ತದೆ. ಅದು ಆಕೆಯ ಸೊತ್ತು, ಗಂಡ ತೆಗೆದುಕೊಂಡಿದ್ದರೆ ಅದು ಸಾಲ. ಈ ಒಂದು ಮಾತು ಕೇಳಿ ಐವತ್ತು ದಾಟಿದ ಒಬ್ಬಾಕೆ, "ಹಾಗಾದ್ರೆ ಮೂವತ್ತು ವರ್ಷದಿಂದ ನಾನು ಅವರಿಗೆ ಸಾಲ ಕೊಟ್ಟವಳು" ಅಂದರು. ಆ ದಿನ ನನಗೆ ಅವರ ಮುಖ ನೋಡಿ ಎಷ್ಟು ಸಂತೋಷ ಆಯಿತು ಅಂದರೆ ಹೇಳಲಾರೆ.

ಗಂಡ ತೀರಿಹೋದರೂ ಹಾಗೇ. ಆಸ್ತಿ ಪಾಲು ಮಾಡುವ ಮೊದಲು ಸಾಲ ತೀರಿಸಬೇಕು, ಬಾಕಿ ಮಹರ್ ಕೂಡ ಆ ಸಾಲದಲ್ಲೇ ಸೇರುತ್ತದೆ. ಆಮೇಲೆ ಮಕ್ಕಳಿದ್ದರೆ ಹೆಂಡತಿಗೆ ಎಂಟರಲ್ಲಿ ಒಂದು ಪಾಲು, ಮಕ್ಕಳಿಲ್ಲದಿದ್ದರೆ ನಾಲ್ಕರಲ್ಲಿ ಒಂದು. ಮಗಳಿಗೆ ಮಗನ ಅರ್ಧ. ಅರ್ಧ ಅಂದರೆ ಏನೂ ಇಲ್ಲ ಅಂತ ಅಲ್ಲ, ಆದರೆ ಎಷ್ಟೋ ಮನೆಗಳಲ್ಲಿ ಆ ಅರ್ಧವೂ ಸಿಗುವುದಿಲ್ಲ, ಮದುವೆಗೆ ಚಿನ್ನ ಹಾಕಿದ್ದೇವಲ್ಲ ಅಂತ ಬಾಯಿ ಮುಚ್ಚಿಸುತ್ತಾರೆ.

ಉಸ್ತಾದರನ್ನು, ಅಂದರೆ ಮಸೀದಿಯ ಗುರುಗಳನ್ನು, ದೂರ ಇಡಬೇಡಿ. ಎಲ್ಲರೂ ಒಪ್ಪುವುದಿಲ್ಲ, ಒಪ್ಪುವವರು ಸಿಕ್ಕರೆ ಬಿಡಬೇಡಿ. ಮಹರ್ ಹೆಣ್ಣಿನ ಹಕ್ಕು ಅಂತ ನಾನು ಹೇಳಿದರೆ ಅತ್ತೆಯಂದಿರು ಅನುಮಾನದಿಂದ ನೋಡುತ್ತಾರೆ, ಅವರು ಹೇಳಿದರೆ ಕೇಳುತ್ತಾರೆ. ಆದರೆ ಅವರು ಮೊದಲ ಅರ್ಧ ಗಂಟೆ ಮಾತಾಡಿ ಹೊರಡಲಿ. ಗಂಡಸರು ಕೂತಿದ್ದರೆ ಹೊಡೆತದ ಮಾತು ಯಾರ ಬಾಯಿಂದಲೂ ಬರುವುದಿಲ್ಲ.

ಹೊತ್ತು ಕೂಡ ನೋಡಿ. ಕಾಫಿ ಕೊಯ್ಲಿನಲ್ಲಿ ಇಡಬೇಡಿ, ಸಂತೆ ದಿನ ಬೇಡ. ನಿಮ್ಮ ಕಡೆ ಆನೆ ಕಾಟ ಬೇರೆ, ನಾಲ್ಕು ಗಂಟೆಗೆ ಮುಗಿಸಿ ಕಳಿಸಿ.

ಕುಶಾಲನಗರದಿಂದ:

ನಾನು ಪಾಠ ಮಾಡಿದವಳಲ್ಲ, ಪಾಠ ಇಲ್ಲದೆ ಕಳೆದುಕೊಂಡವಳು. ನನಗೂ ಫೋನಲ್ಲೇ ಹೇಳಿದ್ದು. ತವರಿಗೆ ಬಂದೆ. ಎಂಟು ತಿಂಗಳು ಒಂದು ರೂಪಾಯಿ ಬರಲಿಲ್ಲ. ಆಮೇಲೆ ಎರಡೂ ಕಡೆಯ ಹಿರಿಯರು ಕೂತು, ಕೋರ್ಟು ಕಚೇರಿ ಯಾಕೆ, ನೀನೇ ಖುಲಾ (ಹೆಂಡತಿಯೇ ಕೇಳಿ ಪಡೆಯುವ ಬಿಡುಗಡೆ) ಕೇಳಿಬಿಡು, ಮರ್ಯಾದೆಯಿಂದ ಮುಗಿಯುತ್ತದೆ ಅಂದರು. ಒಂದು ಕಾಗದ ಇಟ್ಟರು. ನಾನು ಸಹಿ ಹಾಕಿದೆ. ಅದರಲ್ಲಿ ಮಹರ್ ಬಿಟ್ಟುಕೊಟ್ಟಿದ್ದೇನೆ, ಇನ್ನು ಏನೂ ಕೇಳುವುದಿಲ್ಲ ಅಂತ ಬರೆದಿತ್ತು. ಅದು ಉರ್ದುವಿನಲ್ಲಿತ್ತು, ನನಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನನ್ನಮ್ಮನಿಗೂ ಬರುವುದಿಲ್ಲ.

ನಿಮ್ಮ ತರಗತಿಯಲ್ಲಿ ಇದನ್ನು ದಯವಿಟ್ಟು ಹೇಳಿ ಅಕ್ಕ. ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬಾರದು. ನಾಳೆ ಹಾಕುತ್ತೇನೆ ಅಂತ ಮನೆಗೆ ತರಬಹುದು. ನನಗೆ ಆ ದಿನ "ನಾಳೆ" ಅನ್ನುವುದು ಒಬ್ಬರು ಕಲಿಸಿದ್ದರೆ ಸಾಕಿತ್ತು. ಖುಲಾ ಕೇಳಿದರೆ ಸಾಮಾನ್ಯವಾಗಿ ಮಹರ್ ಬಿಡಿಸುತ್ತಾರೆ. ಕೋರ್ಟಿಗೆ ಹೋಗಿ ಬಿಡುಗಡೆ ಪಡೆದರೆ ಮಹರ್ ಹಕ್ಕು ಹೋಗುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ.

ಮಡಿಕೇರಿಯಿಂದ (ನಾನು ವಕೀಲೆ):

ಕುಶಾಲನಗರದ ತಂಗಿ ಹೇಳಿದ್ದು ಸರಿ. 1939ರಿಂದಲೇ ಆ ಕಾನೂನು ಇದೆ. ಗಂಡ 4 ವರ್ಷದಿಂದ ಎಲ್ಲಿದ್ದಾನೆ ಅಂತಲೇ ಗೊತ್ತಿಲ್ಲದಿದ್ದರೆ, 2 ವರ್ಷ ಖರ್ಚಿಗೆ ಕೊಡದಿದ್ದರೆ, ಹಿಂಸೆ ಕೊಟ್ಟರೆ, ಹೀಗೆ ಹಲವು ಕಾರಣಕ್ಕೆ ಮುಸ್ಲಿಂ ಹೆಂಡತಿ ತಾನೇ ಕೋರ್ಟಿಗೆ ಹೋಗಿ ವಿಚ್ಛೇದನ ಕೇಳಬಹುದು. ಗಂಡ ಒಪ್ಪಬೇಕಾಗಿಲ್ಲ. ಮಹರ್ ಹಾಗೇ ಉಳಿಯುತ್ತದೆ.

ಒಂದು ಎಚ್ಚರ. ತಲಾಖ್ ಪೂರ್ತಿ ರದ್ದಾಗಿದೆ ಅಂತ ತರಗತಿಯಲ್ಲಿ ಹೇಳಿಬಿಡಬೇಡಿ, ನಾನು ಹಾಗೆ ಹೇಳಿದವರನ್ನು ಕಂಡಿದ್ದೇನೆ. ರದ್ದಾಗಿದ್ದು ಒಂದೇ ಸಲಕ್ಕೆ ಮುಗಿಸುವ ತಲಾಖ್ ಮಾತ್ರ. ತಿಂಗಳಿಗೊಮ್ಮೆಯಂತೆ ಮೂರು ತಿಂಗಳು ಹೇಳುವ ಪದ್ಧತಿ ಇದರಲ್ಲಿ ಬರುವುದಿಲ್ಲ.

ಇನ್ನು ಜೀವನಾಂಶ. ಇದ್ದತ್, ಅಂದರೆ ವಿಚ್ಛೇದನದ ನಂತರ ಹೆಣ್ಣು ಕಾಯುವ ಸುಮಾರು ಮೂರು ತಿಂಗಳು, ಮುಗಿದರೆ ಮುಗಿಯಿತು ಅಂತ ಈಗಲೂ ಹೇಳುತ್ತಾರೆ. 1985ರಲ್ಲಿ, ಇದ್ದತ್ ಮುಗಿದ ಮೇಲೂ ಜೀವನಾಂಶ ಇದೆ ಅಂತ ಶಾಬಾನೊ ತೀರ್ಪು ಬಂತು, 1986ರಲ್ಲಿ ಅದನ್ನು ಇದ್ದತ್‌ಗೆ ಮಾತ್ರ ಮಿತಿ ಮಾಡುವ ಹಾಗೆ ಬೇರೆ ಕಾನೂನು ಮಾಡಿದರು, ಆದರೆ 2001ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ಓದಿ, ಮೂರು ತಿಂಗಳೊಳಗೆ ಕೊಡಬೇಕಾದ್ದು ಆಕೆಯ ಮುಂದಿನ ಬದುಕಿಗೂ ಆಗುವಷ್ಟು ಇರಬೇಕು ಅಂತ ಹೇಳಿತು. 2024ರ ಜುಲೈನಲ್ಲಿ, ವಿಚ್ಛೇದನ ಆದ ಮುಸ್ಲಿಂ ಹೆಣ್ಣು ಬೇರೆ ಎಲ್ಲ ಹೆಣ್ಣುಮಕ್ಕಳ ಹಾಗೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಕೆಳಗೂ ಕೇಳಬಹುದು ಅಂತ ಮತ್ತೆ ಸ್ಪಷ್ಟ ಮಾಡಿತು. ಆ 125 ಈಗ ಹೊಸ ಸಂಹಿತೆಯಲ್ಲಿ 144 ಆಗಿದೆ. ಗಂಡ ಇನ್ನೊಂದು ಮದುವೆ ಆಗಿದ್ದರೆ, ಬೇರೆ ಇದ್ದುಕೊಂಡೇ ಖರ್ಚು ಕೇಳಬಹುದು. ಕಣ್ಣೂರಿಗೋ ಮೈಸೂರಿಗೋ ಕೊಟ್ಟ ಹೆಣ್ಣು ಅಲ್ಲಿಗೇ ಹೋಗಿ ಕೇಸ್ ಹಾಕಬೇಕಾಗಿಲ್ಲ, ಈಗ ತಾನಿರುವ ಊರಿನ ಕೋರ್ಟಿನಲ್ಲೇ ಹಾಕಬಹುದು.

ಮನೆಯಿಂದ ಹೊರಗೆ ಹಾಕುವುದು, ಹೊಡೆಯುವುದು ಇದ್ದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ. ಮನೆ ಗಂಡನ ಹೆಸರಲ್ಲಿ ಇಲ್ಲ, ಅತ್ತೆಯ ಹೆಸರಲ್ಲಿದೆ ಅಂತ ಹೆದರಿಸಿದರೂ ವಾಸದ ಹಕ್ಕು ಕೇಳಬಹುದು. ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಮಹಿಳಾ ಸಹಾಯವಾಣಿ 181. ಈ ಎರಡು ನಂಬರನ್ನು ಮೊಬೈಲಿನಲ್ಲಿ ತವರಿನ ಯಾರದೋ ಹೆಸರಲ್ಲಿ ಹಾಕಿಕೊಳ್ಳಲು ಹೇಳಿ. ಫೋನ್ ತೆಗೆದು ನೋಡುವ ಗಂಡಂದಿರು ಕಡಿಮೆ ಇಲ್ಲ.

ಸೋಮವಾರಪೇಟೆಯಿಂದ:

ಲೈನ್ ಮನೆಯವರನ್ನು, ಬೇರೆ ಹೆಂಗಸರನ್ನು ಪಕ್ಕಕ್ಕೆ ಕೂರಿಸಬೇಡಿ. ಕಾಗದದ ಕಥೆ ಎಲ್ಲರದೂ. ನನ್ನ ಅಪ್ಪ ತೀರಿಕೊಂಡ ವರ್ಷವೇ ಅಣ್ಣಂದಿರು ಕಾರು ಕಳಿಸಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆಸಿದರು. ಊಟ ಹಾಕಿಸಿದರು, ಸೀರೆ ಕೊಟ್ಟರು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರು. ಹಿಂದೂ ಹೆಣ್ಣುಮಕ್ಕಳಿಗೆ 2005ರಿಂದ ಪಿತ್ರಾರ್ಜಿತದಲ್ಲಿ ಸಮಪಾಲು ಇದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಣ್ಣನ ಎದುರು ಬಾಯಿ ಬರಲಿಲ್ಲ. ಹಾಗಾಗಿ ಕಾನೂನು ಹೇಳಿಕೊಟ್ಟ ಮೇಲೆ ಬಾಯಿ ಬಿಡುವುದನ್ನೂ ಅಭ್ಯಾಸ ಮಾಡಿಸಿ. ಒಬ್ಬಳು ಅಣ್ಣ, ಒಬ್ಬಳು ತಂಗಿ. "ಓದಿ ನೋಡ್ತೀನಿ ಅಣ್ಣ, ನಕಲು ಕೊಡಿ." ಇದನ್ನು ಹತ್ತು ಸಲ ಹೇಳಿಸಿ.

ಸಿದ್ದಾಪುರದಿಂದ ಮತ್ತೆ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಆ ಹುಡುಗಿಗೆ ನಿನ್ನೆ ಸಂಜೆಯೇ ಹೋಗಿ ಹೇಳಿದೆ. ಮೆಸೇಜ್ ಇನ್ನೂ ಇದೆ, ಅಳಿಸಿಲ್ಲ. ಸೋಮವಾರ ಅವಳ ಜೊತೆ ಮಡಿಕೇರಿಗೆ ಹೋಗುತ್ತಿದ್ದೇನೆ. ಮುಂದಿನ ಸಭೆ ಅಂಗನವಾಡಿಯಲ್ಲಿ, ಮಧ್ಯಾಹ್ನ ಎರಡಕ್ಕೆ. ಭಾಷಣ ಇಲ್ಲ. ಎಲ್ಲರೂ ಅವರವರ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರಬೇಕು ಅಂತ ಹೇಳಿದ್ದೇವೆ, ಮಳೆ ಬಿಟ್ಟಿಲ್ಲವಲ್ಲ. ವಿರಾಜಪೇಟೆ ಅಕ್ಕ, ನೀವು ಬರಬಹುದಾ? ಬಸ್ಸು ನಿಲ್ಲುವಲ್ಲಿಗೆ ನಾನೇ ಬರುತ್ತೇನೆ.