ಪ್ಯಾನ್, ಆಧಾರ್ ನಂಬರ್ ಕಂಪನಿಗೆ ಕೊಡಲೇಬೇಕಾ? ಅನುಭವ ಇದ್ದವರು ಹೇಳಿ

ಹೊಸಬ: ಕೆಲಸ ಸಿಕ್ಕಿದೆ. ಆಫರ್ ಲೆಟರ್ ಇನ್ನೂ ಕೈಗೆ ಬಂದಿಲ್ಲ, ಆಗಲೇ ಎಚ್‌ಆರ್ ಎರಡರ ಫೋಟೊನೂ ವಾಟ್ಸಾಪ್ ಮಾಡಿ ಅಂತಿದ್ದಾರೆ. ಕೊಡಲೇಬೇಕು ಅಂತ ಕಾನೂನು ಇದೆಯಾ?

ಸುಟ್ಟಕೈ: ಪ್ಯಾನ್ ಕೊಡದಿದ್ದರೆ ಟಿಡಿಎಸ್ (ಸಂಬಳದಲ್ಲೇ ಮುರಿಯೋ ತೆರಿಗೆ) ಶೇ 20, ಇಲ್ಲವೇ ನಿಮ್ಮ ತೆರಿಗೆ ದರ, ಯಾವುದು ಜಾಸ್ತಿಯೋ ಅದು. ನಾನು ಕೊಟ್ಟಿದ್ದೆ, ಆದರೂ ಹೊಡೆತ ಬಿತ್ತು. 2023ರ ಜುಲೈನಿಂದ ಆಧಾರ್ ಜೋಡಿಸದ ಪ್ಯಾನ್ ನಿಷ್ಕ್ರಿಯ ಆಯ್ತಲ್ಲ, ಅದರಲ್ಲಿ ನನ್ನದೂ ಒಂದು. ಆಧಾರ್‌ನಲ್ಲಿ ಬರೀ ಇನಿಶಿಯಲ್, ಪ್ಯಾನ್‌ನಲ್ಲಿ ಊರು, ಅಪ್ಪನ ಹೆಸರು ಪೂರ್ತಿ. ಜೋಡಣೆಯೇ ಆಗಲಿಲ್ಲ, ಪ್ಯಾನ್ ಕೊಡದವರ ಲೆಕ್ಕಕ್ಕೆ ಬಿದ್ದೆ. 80,000 ಸಂಬಳದಲ್ಲಿ ತಿಂಗಳಿಗೆ 15,000ಕ್ಕೂ ಜಾಸ್ತಿ ಹೋಯ್ತು. ಮೇಲೆ 1,000 ಶುಲ್ಕ, ಕಟ್ಟಿದ ಮೇಲೂ ಚಾಲೂ ಆಗೋಕೆ 30 ದಿನದವರೆಗೆ ಕಾಯಬೇಕು. ಅಲ್ಲೀತನಕ ರೀಫಂಡ್ ಇಲ್ಲ, ಆ ಅವಧಿಗೆ ಬಡ್ಡಿಯೂ ಇಲ್ಲ.

ಜಗ್ಗದವ: ನಾನು ಮಾಸ್ಕ್ ಮಾಡಿದ ಆಧಾರ್ ಕೊಟ್ಟೆ, ಕೊನೆಯ 4 ಅಂಕಿ ಮಾತ್ರ ಕಾಣುತ್ತೆ. ಎಚ್‌ಆರ್ ಮೇಡಂ ಮುಖ ಗಂಟಿಕ್ಕಿಕೊಂಡರು. ಖಾಸಗಿಯವರು ಆಧಾರ್ ಕೇಳೋಕೆ ಇದ್ದ ದಾರಿಯನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಮುಚ್ಚಿತು ಅಂದೆ. ತೀರ್ಪಿನ ಪ್ರಿಂಟ್ ಮೇಜಿನ ಮೇಲಿಟ್ಟೆ. ಸುಮ್ನಾದರು.

ಪಿಎಫ್ ಸಂತ್ರಸ್ತೆ: ಆ ತೀರ್ಪಿಗೆ ಉಪ್ಪಿನಕಾಯಿ ಹಾಕಿ. 2021ರ ಸೆಪ್ಟೆಂಬರ್‌ನಿಂದ ಯುಎಎನ್‌ಗೆ (ಪಿಎಫ್ ಸದಸ್ಯರ ನಂಬರ್) ಆಧಾರ್ ಜೋಡಿಸದಿದ್ದರೆ ಕಂಪನಿ ಪಿಎಫ್ ತುಂಬೋಕೇ ಆಗಲ್ಲ. ನನ್ನ ಸ್ಯಾಲರಿ ಸ್ಲಿಪ್‌ನಲ್ಲಿ 1,800 ಕಡಿತ, ಪಾಸ್‌ಬುಕ್‌ನಲ್ಲಿ ಸೊನ್ನೆ. ಹುಟ್ಟಿದ ದಿನ ತಾಳೆಯಾಗಲಿಲ್ಲ ಅಂತ ಜಾಯಿಂಟ್ ಡಿಕ್ಲರೇಷನ್ (ತಿದ್ದುಪಡಿಗೆ ನಾನೂ ಕಂಪನಿಯೂ ಸೇರಿ ಕೊಡೋ ಅರ್ಜಿ), ಅದಕ್ಕೆ ಹಳೇ ಕಂಪನಿ ಸಹಿ, ಆ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯ್ತೋ!

ಜಗ್ಗದವ: ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ನೀವೇ ಜೋಡಿಸಬಹುದಿತ್ತು. ಅದಕ್ಕೆ ಎಚ್‌ಆರ್ ಕೈಗೆ ಕಾರ್ಡ್ ಯಾಕೆ?

ಪಿಎಫ್ ಸಂತ್ರಸ್ತೆ: ದಿನಾಂಕವೇ ಹೊಂದಲ್ಲ ಅಂದೆನಲ್ಲ, ಓದಿದ್ರಾ? ಆ್ಯಪ್ ಏನು ಮಂತ್ರ ಹಾಕುತ್ತಾ?

ಲೆಕ್ಕದಮೇಷ್ಟ್ರು: ಪೇರೋಲ್ ಮಾಡೋನು ನಾನು. ಪ್ಯಾನ್ ಕೊಡೋದು ಕಾನೂನು, ಗೊತ್ತಿದ್ದೂ ತಪ್ಪು ನಂಬರ್ ಕೊಟ್ಟರೆ 10,000 ದಂಡ. ಆದರೆ ಆಫರ್ ಲೆಟರ್‌ಗೂ ಮುಂಚೆ ಕೊಡಿ ಅಂತ ಎಲ್ಲೂ ಇಲ್ಲ. ವಾಟ್ಸಾಪ್‌ನಲ್ಲಂತೂ ಕೊಡಬೇಡಿ. ಕೆಲಸಕ್ಕೆ ಸೇರಿದ ದಿನ ಕೊಟ್ಟರೆ ಸಾಕು. ನಮ್ಮಲ್ಲಿ ಒಂದು ದಾಖಲೆಯೂ ಹೊರಗೆ ಹೋಗಿಲ್ಲ.

ಸುಟ್ಟಕೈ: ನಿಮ್ಮಂಥ ಪೇರೋಲ್‌ನವರೇ ನನ್ನ ಪ್ಯಾನ್ ನಿಷ್ಕ್ರಿಯ ಅಂತ ದುಡ್ಡು ಕತ್ತರಿಸಿದ ಮೇಲೆ ಹೇಳಿದ್ದು. ಮುಂಚೆ ಒಂದು ಮೇಲ್ ಹಾಕೋಕೆ ಏನಾಗಿತ್ತು?

ಲೆಕ್ಕದಮೇಷ್ಟ್ರು: ನಿಮ್ಮ ಇನಿಶಿಯಲ್ ಬಿಡಿಸಿ ಬರೆದಿದ್ದು ನಾನಾ?