ಗಾಳಿಗಿರಣಿ ಮಾಡೆಲ್: ಬೀಸುವ ಕಲ್ಲು ಜೋಡಿಸಿದ ಕೂಡಲೇ ‘ಕಟಕ್’ ಅಂತ ನಿಲ್ಲುತ್ತದೆ, ಸಹಾಯ ಮಾಡಿ

ಗಾಳಿಪಟ77:
ಎಲ್ಲರಿಗೂ ನಮಸ್ಕಾರ. ನಾನಿರುವುದು ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್‌ನಲ್ಲಿ. ಇಲ್ಲಿ ಸ್ಪಾರ್ನೆ ನದಿ ದಡದಲ್ಲಿ ಡಿ ಆಡ್ರಿಯಾನ್ ಅಂತ ಒಂದು ಗಾಳಿಗಿರಣಿ ಇದೆ, ಅದರ ಮರದ ಮಾಡೆಲ್ ಮಾಡುತ್ತಿದ್ದೇನೆ, 1:30 ಅಳತೆ. 1778ರಲ್ಲಿ ಕಟ್ಟಲು ಶುರು ಮಾಡಿ ಮರುವರ್ಷ ಓಡಿಸಿದ್ದಂತೆ. ಮೊದಲು ಅದು ಹಿಟ್ಟಿನ ಗಿರಣಿಯೇ ಅಲ್ಲ. ನೀರು ಹಿಡಿಯದ ಸಿಮೆಂಟಿಗೆ ಬೇಕಾದ ಜ್ವಾಲಾಮುಖಿ ಕಲ್ಲು, ಕಪ್ಪೆಚಿಪ್ಪು, ಚರ್ಮ ಹದ ಮಾಡುವ ಓಕ್ ತೊಗಟೆ, ಇಂಥದ್ದನ್ನೆಲ್ಲ ಅಲ್ಲಿ ಅರೆಯುತ್ತಿದ್ದರು. ಆಮೇಲೆ 1802ರಲ್ಲಿ ತಂಬಾಕು ವ್ಯಾಪಾರಿಯೊಬ್ಬ ಕೊಂಡು ನಶ್ಯದ ಗಿರಣಿ ಮಾಡಿದ. ಇದನ್ನು ಊರಿಗೆ ಫೋನ್ ಮಾಡಿದಾಗ ಹೇಳಿದೆ, ತಾತ ಈಗ ವೀಸಾ ಕೇಳುತ್ತಿದ್ದಾರೆ! ಧಾನ್ಯ ಬೀಸಲು ಶುರುವಾಗಿದ್ದು ಅದಕ್ಕೂ ಎಷ್ಟೋ ವರ್ಷ ಆದ ಮೇಲೆ. 1932ರ ಏಪ್ರಿಲ್ 23ರಂದು ಬೆಂಕಿಗೆ ಪೂರ್ತಿ ಸುಟ್ಟುಹೋಯಿತು. ಮತ್ತೆ ಕಟ್ಟಿ ಬಾಗಿಲು ತೆರೆದಿದ್ದು 2002ರ ಏಪ್ರಿಲ್ 23ಕ್ಕೆ, ಸರಿಯಾಗಿ ಎಪ್ಪತ್ತು ವರ್ಷಕ್ಕೆ.

ಸರಿ, ನನ್ನ ಸಮಸ್ಯೆ. ರೆಕ್ಕೆಯ ಅಚ್ಚಿನ ಮೇಲಿನ ದೊಡ್ಡ ಚಕ್ರಕ್ಕೆ 48 ಹಲ್ಲು, ಅದು ತಿರುಗಿಸುವ ಚಿಕ್ಕ ಚಕ್ರಕ್ಕೆ 24. ಅಲ್ಲಿಂದ, ಆ ಚಿಕ್ಕ ಚಕ್ರದ ಜೊತೆಗೇ ತಿರುಗುವ ನಿಲುವು ಕಂಬ ಕೆಳಗಿಳಿಯುತ್ತದೆ. ಕೆಳಗೆ 60 ಹಲ್ಲಿನ ಚಕ್ರ, ಕಲ್ಲಿನ ಮೇಲೆ 20. ಅಂದರೆ ರೆಕ್ಕೆ ಒಂದು ಸುತ್ತು ಹೊಡೆದರೆ ಕಲ್ಲು ಆರು ಸುತ್ತು. ಕಲ್ಲು ಜೋಡಿಸದಿದ್ದರೆ ಟೇಬಲ್ ಫ್ಯಾನಿನ ಗಾಳಿಗೇ ಚೆನ್ನಾಗಿ ಓಡುತ್ತದೆ. ಜೋಡಿಸಿದ ತಕ್ಷಣ ಎರಡು ಸುತ್ತು ಹೊಡೆದು ‘ಕಟಕ್’, ನಿಂತೇ ಹೋಗುತ್ತದೆ. ಉಪ್ಪುಕಾಗದದಲ್ಲಿ ಹಲ್ಲು ಉಜ್ಜಿದೆ, ಹೊಲಿಗೆ ಮಿಷಿನ್ ಎಣ್ಣೆ ಬಿಟ್ಟೆ. ಒಂದು ದಿನ ಸರಿಯಾಯಿತು, ಮತ್ತೆ ಅದೇ ಕಥೆ.

ಉಳಿಸುತ್ತಿಗೆ:
ಮೊದಲು ಆ ಎಣ್ಣೆ ಒರೆಸಿ ಸರ್. ಮರ ಅದನ್ನು ಕುಡಿದು ಊದಿಕೊಳ್ಳುತ್ತದೆ, ಮೇಲೆ ಧೂಳು ಬೇರೆ ಅಂಟುತ್ತದೆ. ನಿಜವಾದ ಗಿರಣಿಗಳಲ್ಲಿ ಮರದ ಹಲ್ಲಿಗೆ ಹಚ್ಚುವುದು ಜೇನುಮೇಣ. ಹಂದಿ ಕೊಬ್ಬು ರೆಕ್ಕೆಯ ಅಚ್ಚು ಕೂರುವ ಜಾಗಕ್ಕೆ ಮಾತ್ರ.

ಎರಡನೆಯದು, 48 ಮತ್ತು 24 ಯಾಕೆ ಇಟ್ಟಿರಿ? ಚಿಕ್ಕ ಚಕ್ರದ ಒಂದು ಹಲ್ಲಿಗೆ ಯಾವಾಗಲೂ ದೊಡ್ಡದರ ಅದೇ ಎರಡು ಹಲ್ಲು ಸಿಗುತ್ತವೆ. ಒಂದು ಹಲ್ಲು ಕೆಟ್ಟಿದ್ದರೆ ಅದೇ ಜೊತೆಗಾರರನ್ನು ಹೊಡೆದು ಹೊಡೆದು ಹಾಳು ಮಾಡುತ್ತದೆ. 49 ಇಟ್ಟಿದ್ದರೆ ಎಲ್ಲ ಹಲ್ಲೂ ಎಲ್ಲದರ ಜೊತೆ ಸರದಿ ಪ್ರಕಾರ ಸೇರಿ ಒಂದೇ ಸಮ ಸವೆಯುತ್ತಿದ್ದವು. ಹಳೇ ಬಡಗಿಗಳು ಬೇಕಂತಲೇ ಒಂದು ಹಲ್ಲು ಜಾಸ್ತಿ ಇಡುತ್ತಿದ್ದುದು ಅದಕ್ಕೇ. ಚಾಕ್‌ಪೀಸಿನಿಂದ ಗುರುತು ಹಾಕಿ, ನಿಲ್ಲುವುದು ಒಂದೇ ಹಲ್ಲಿಗಾ ನೋಡಿ. ದೊಡ್ಡ ಚಕ್ರದ ಸುತ್ತ ಇರುವ ಮರದ ಬ್ರೇಕ್ ಪೂರ್ತಿ ಬಿಟ್ಟಿದೆಯಾ ಅದನ್ನೂ ನೋಡಿ.

ಗಾಳಿಪಟ77:
ಗುರುತು ಹಾಕಿದೆ. ಬಹುತೇಕ ಒಂದೇ ಜಾಗ, 31, 32ನೇ ಹಲ್ಲಿನ ಹತ್ತಿರ. ಬ್ರೇಕ್ ಮುಟ್ಟುತ್ತಿಲ್ಲ. ಆದರೆ ಒಂದು ವಿಚಿತ್ರ. ಇಷ್ಟು ದಿನ ಫ್ಯಾನ್ ಕಿಟಕಿ ಕಡೆ ಇತ್ತು. ಇವತ್ತು ಅದು ಅಡುಗೆಮನೆಗೆ ಬೇಕಾಗಿತ್ತು, ವಾಪಸ್ ತಂದವನು ಸುಮ್ನೆ ಸೋಫಾ ಕಡೆಯಿಂದ ಇಟ್ಟೆ, ಟೋಪಿಯನ್ನೂ (ಗೋಪುರದ ಮೇಲೆ ತಿರುಗುವ, ರೆಕ್ಕೆ ಇರುವ ಭಾಗ) ಆ ಕಡೆ ತಿರುಗಿಸಿದೆ. ಈಗ ಸಿಕ್ಕಿಹಾಕಿಕೊಳ್ಳುವುದೇ ಇಲ್ಲ! ಬದಲಿಗೆ ‘ಟರ್ರ್’ ಅಂತ ಹಲ್ಲು ಜಾರುತ್ತದೆ.

ಶನಿವಾರದ_ಗಿರಣಿ:
ಹಾಗಾದರೆ ಹಲ್ಲು ಉಜ್ಜುವುದು ನಿಲ್ಲಿಸಿ. ನಿಮ್ಮ ನಿಲುವು ಕಂಬದ ಮೇಲ್ತುದಿಯನ್ನು ಎಲ್ಲಿ ಹಿಡಿದಿದ್ದೀರಿ, ಗೋಪುರಕ್ಕಾ, ಟೋಪಿಗಾ?

ನಾನೂ ನೆದರ್‌ಲ್ಯಾಂಡ್ಸ್‌ನಲ್ಲೇ, ಬ್ರಬಾಂಟ್ ಕಡೆ ಒಂದು ಗಿರಣಿಯಲ್ಲಿ ಶನಿವಾರ ಶನಿವಾರ ಕೆಲಸ ಕಲಿಯುತ್ತಿದ್ದೇನೆ (ಇಲ್ಲಿ ಸ್ವಯಂಸೇವಕ ಗಿರಣಿಯವರ ಸಂಘವೇ ಇದೆ, 1972ರಿಂದ). ಗಾಳಿ ದಿಕ್ಕು ಬದಲಾದರೆ ಹಿಂದಿನ ಬಾಲದ ಕಂಬ ಎಳೆದು ಇಡೀ ಟೋಪಿ ತಿರುಗಿಸುತ್ತೇವೆ. ಆಗ ರೆಕ್ಕೆ, ಅಚ್ಚು, ದೊಡ್ಡ ಚಕ್ರ ಎಲ್ಲ ಒಟ್ಟಿಗೆ ನಿಲುವು ಕಂಬದ ಸುತ್ತ ಹೋಗುತ್ತವೆ. ಕಂಬ ನಡುವಿನಲ್ಲಿ ಇಲ್ಲದಿದ್ದರೆ ಒಂದು ಕಡೆ ಹಲ್ಲು ಬಿಗಿ, ಎದುರು ಕಡೆ ಸಡಿಲ. ನೀವು ಹೇಳುತ್ತಿರುವುದೂ ಅದೇ ಅಲ್ವಾ? ನಿಜವಾದ ಗಿರಣಿಯಲ್ಲಿ ಕಂಬದ ಮೇಲ್ತುದಿ ಕೂರುವುದು ಟೋಪಿಯೊಳಗಿನ ಅಡ್ಡತೊಲೆಯಲ್ಲಿ. ಟೋಪಿ ಸ್ವಲ್ಪ ಜರುಗಿದರೂ ಕಂಬದ ತುದಿ ಜೊತೆಗೇ ಜರುಗುತ್ತದೆ, ಹಲ್ಲಿನ ಹಿಡಿತ ಕೆಡುವುದಿಲ್ಲ. 31ನೇ ಹಲ್ಲಿನ ಹತ್ತಿರ ನಿಲ್ಲುವುದಕ್ಕೆ ಚಕ್ರ ಚೂರು ಸೊಟ್ಟ ಇರಬೇಕು. ಅದು ಚಿಕ್ಕ ತಪ್ಪು, ಬಿಗಿ ಇದ್ದಿದ್ದರಿಂದ ಕಾಣಿಸಿತು.

ಅಂದಹಾಗೆ ನಿಮ್ಮ ವಿಡಿಯೋದಲ್ಲಿ ರೆಕ್ಕೆ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಿದೆ. ಎದುರಿನಿಂದ ನೋಡಿದರೆ ಇಲ್ಲಿಯವು ಅದಕ್ಕೆ ಉಲ್ಟಾ.

ಗಾಳಿಪಟ77:
ಅಯ್ಯೋ, ಗೋಪುರಕ್ಕೇ ಹಿಡಿದಿದ್ದೆ! ಅಳೆದರೆ ನಡುವಿನಿಂದ ಎರಡು ಮಿಲಿಮೀಟರ್ ಕಿಟಕಿ ಕಡೆ ಇದೆ.

(ನಾಲ್ಕು ದಿನ ಬಿಟ್ಟು) ಟೋಪಿಯಲ್ಲಿ ಅಡ್ಡತೊಲೆ ಕೂರಿಸಿ ಕಂಬದ ತುದಿ ಅದಕ್ಕೆ ಸೇರಿಸಿದೆ. ಜೇನುಮೇಣ ಹಚ್ಚಿದೆ. ಫ್ಯಾನ್ ನಾಲ್ಕೂ ಕಡೆ ಇಟ್ಟು ನೋಡಿದೆ, ಕಲ್ಲು ಸಮೇತ ಓಡುತ್ತಿದೆ. ರೆಕ್ಕೆ ಮಾತ್ರ ಇನ್ನೂ ಉಲ್ಟಾನೇ, ನಾಲ್ಕನ್ನೂ ಹೊಸದಾಗಿ ಮಾಡಬೇಕು. ಒಂದು ಹಿಡಿ ರಾಗಿ ಹಾಕಿದೆ. ಹಿಟ್ಟು ಬರಲಿಲ್ಲ, ನುಚ್ಚು ಬಂತು. ಅದಕ್ಕೆ ಬೇರೆ ಥ್ರೆಡ್ ಹಾಕುತ್ತೇನೆ.