ರಕ್ತ ತೆಳುಮಾಡುವ ಮಾತ್ರೆ ಹೆಪ್ಪು ಕರಗಿಸುವುದಿಲ್ಲವೇ?

ಪ್ರಶ್ನೆ: ಡಾಕ್ಟರೇ, ಕಳೆದ ತಿಂಗಳು ಬೆಳಿಗ್ಗೆ ಆರಕ್ಕೆ ಅಪ್ಪ ಏಳುವಾಗಲೇ ಬಲಗೈಯಲ್ಲಿ ಸ್ವಾಧೀನವಿರಲಿಲ್ಲ, ಮಾತು ತೊದಲುತ್ತಿತ್ತು. ಒಂದೇ ಗಂಟೆಯಲ್ಲಿ ಆಸ್ಪತ್ರೆಗೆ ಸೇರಿಸಿದೆವು. ರಾತ್ರಿ ಮಲಗಿದ್ದು ಎಷ್ಟು ಹೊತ್ತಿಗೆ ಎಂದು ಮೂರು ಜನ ಕೇಳಿದರು. ಹತ್ತೂವರೆಗೆ ಎಂದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಆಗುವುದಿಲ್ಲವೆಂದು ಆಸ್ಪಿರಿನ್ ಕೊಟ್ಟರು. ಅದೂ ರಕ್ತ ತೆಳುಮಾಡುವುದೇ ಅಲ್ಲವೇ? ನಾವು ತಡಮಾಡಿದೆವೇ?

ಉತ್ತರ (ನರರೋಗ ತಜ್ಞ): ತಡ ನಿಮ್ಮದಲ್ಲ. ರೋಗಿ ಕೊನೆಯ ಬಾರಿ ಚೆನ್ನಾಗಿದ್ದ ಹೊತ್ತಿನಿಂದ ನಾವು ಲೆಕ್ಕ ಹಾಕುತ್ತೇವೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮೀರಬಾರದು. ಹತ್ತೂವರೆಯಿಂದ ಎಣಿಸಿದರೆ ನಿಮ್ಮ ತಂದೆಗೆ ಅದು ಮೀರಿತ್ತು. ನಿದ್ದೆಯಲ್ಲಿ ಬಂದ ಪಾರ್ಶ್ವವಾಯುವಿಗೂ ಎಂಆರ್‌ಐ ನೋಡಿ ಕೆಲವರಿಗೆ ಕೊಡುವುದುಂಟು, ಎಲ್ಲರಿಗೂ ಅಲ್ಲ.

‘ತೆಳುಮಾಡುವ ಮಾತ್ರೆ’ ಎಂಬ ಹೆಸರೇ ದಾರಿ ತಪ್ಪಿಸುತ್ತದೆ, ಅದನ್ನು ಬಳಕೆಗೆ ತಂದವರೂ ನಾವೇ. ಆಸ್ಪಿರಿನ್ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಆಗಲೇ ಕಟ್ಟಿದ ಹೆಪ್ಪಿನೊಳಗೆ ಫೈಬ್ರಿನ್ ಎಂಬ ನಾರಿನ ಬಲೆ ಇರುತ್ತದೆ. ಅದನ್ನು ಕತ್ತರಿಸುವ ಕಿಣ್ವ ಪ್ಲಾಸ್ಮಿನ್. ಇದರ ನಿಷ್ಕ್ರಿಯ ರೂಪವಾದ ಪ್ಲಾಸ್ಮಿನೋಜೆನ್ ಅನ್ನು ಯಕೃತ್ತು ತಯಾರಿಸುತ್ತದೆ; ಅದು ಸದಾ ರಕ್ತದಲ್ಲಿ ಹರಿದಾಡುತ್ತಿರುತ್ತದೆ. ರಕ್ತನಾಳದ ಒಳಪದರದಿಂದ ಬರುವ ಟಿಪಿಎ ಎಂಬ ಕಿಣ್ವ ಫೈಬ್ರಿನ್ ಮೇಲೆಯೇ ಕುಳಿತು ಈ ಪ್ಲಾಸ್ಮಿನೋಜೆನ್ ಅನ್ನು ಎಬ್ಬಿಸಿ ಪ್ಲಾಸ್ಮಿನ್ ಆಗಿಸುತ್ತದೆ. ಇಂಜೆಕ್ಷನ್‌ನಲ್ಲಿರುವ ಆಲ್ಟೆಪ್ಲೇಸ್ ಇದೇ ಟಿಪಿಎಯನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು. ದೇಹ ನಿಧಾನವಾಗಿ ಮಾಡುವ ಕೆಲಸಕ್ಕೆ ಮಿದುಳು ಕಾಯಲಾರದು, ಅದಕ್ಕೇ ಹೊರಗಿನಿಂದ ಕೊಡುವುದು.

ಆದರೆ ಬೇಕಾದ ಹೆಪ್ಪು, ಬೇಡದ ಹೆಪ್ಪು ಎಂದು ಅದು ನೋಡುವುದಿಲ್ಲ. ಹೊಟ್ಟೆಯ ಹುಣ್ಣನ್ನೋ ಹೊಸ ಶಸ್ತ್ರಚಿಕಿತ್ಸೆಯ ಗಾಯವನ್ನೋ ಮುಚ್ಚಿದ ಹೆಪ್ಪೂ ಕರಗೀತು. ಹೊತ್ತು ಮೀರಿ ನೊಂದ ಮಿದುಳಿನ ನಾಳ ಒಸರೀತು. ಆದ್ದರಿಂದ ಮೊದಲು ಸಿಟಿ ಸ್ಕ್ಯಾನ್, ಆಮೇಲೆ ತೂಕ: ಕಿಲೋಗೆ 0.9 ಮಿಲಿಗ್ರಾಂ, ಒಟ್ಟು 90 ಮೀರುವಂತಿಲ್ಲ. ಬಾಟಲಿಯ ಪುಡಿಗೆ ನೀರು ಸೇರಿಸಿ ಮೆಲ್ಲಗೆ ತಿರುಗಿಸಬೇಕು, ಕುಲುಕಿದರೆ ನೊರೆ ಬರುತ್ತದೆ. ಹತ್ತರಲ್ಲೊಂದು ಪಾಲು ಒಂದೇ ಸಲಕ್ಕೆ, ಉಳಿದದ್ದು ಒಂದು ಗಂಟೆಯಲ್ಲಿ. ಎಲ್ಲರೂ ಓಡಾಡುತ್ತಿರುವಾಗ ಬಾಟಲಿಯನ್ನು ಮೆಲ್ಲಗೆ ತಿರುಗಿಸುತ್ತ ನಿಲ್ಲುವ ನರ್ಸಿನ ತಾಳ್ಮೆ ನನಗೆ ಇಂದಿಗೂ ಬಂದಿಲ್ಲ.

ಮತ್ತೊಬ್ಬರು: ನಮ್ಮ ಮಾವನವರಿಗೆ ಹೃದಯಾಘಾತವಾದಾಗ ಹೆಪ್ಪು ಕರಗಿಸಲು ಸ್ಟ್ರೆಪ್ಟೋಕೈನೇಸ್ ಎಂಬ ಔಷಧ ಕೊಟ್ಟಿದ್ದರು. ಮತ್ತೆ ಅದನ್ನು ಕೊಡಬಾರದೆಂದು ಚೀಟಿಯಲ್ಲಿ ಬರೆದಿದ್ದಾರೆ. ಏಕೆ?

ಉತ್ತರ: ಅದು ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಬಂದದ್ದು, 1933ರಲ್ಲೇ ವರದಿಯಾಗಿತ್ತು. ಹೊರಗಿನ ಪ್ರೋಟೀನಾದ್ದರಿಂದ ದೇಹ ಪ್ರತಿಕಾಯ ಬೆಳೆಸಿಕೊಳ್ಳುತ್ತದೆ. ಎರಡನೆಯ ಸಲ ಔಷಧ ವ್ಯರ್ಥವಾದೀತು, ಇಲ್ಲವೇ ಅಲರ್ಜಿಯಾದೀತು. (ಹೆಸರಿನಲ್ಲಿ ‘ಏಸ್’ ಎಂಬ ಕಿಣ್ವದ ಬಾಲವಿದ್ದರೂ ಅದು ಸ್ವತಃ ಕಿಣ್ವವಲ್ಲ, ಪ್ಲಾಸ್ಮಿನೋಜೆನ್‌ಗೆ ಅಂಟಿಕೊಂಡು ಕೆಲಸ ಮಾಡಿಸುತ್ತದೆ.) ಆ ಚೀಟಿಯನ್ನು ಮಾವನವರ ಜೇಬಿನಲ್ಲೇ ಇರಿಸಿ.